ಒಂದು ಸಣ್ಣ ಕಚ್ಚು

ಇವತ್ತು ಹಳೇ ಡೆಸ್ಕ್‌ಟಾಪ್ ಬಿಚ್ಚಿಕೊಂಡು ಕೂತಿದ್ದೆ. ರ‍್ಯಾಮ್ ಜಾಸ್ತಿ ಮಾಡೋಣ ಅಂತ.

ಒಳಗೆ 2 ಜಿಬಿಯ ಎರಡು ಸ್ಟಿಕ್. ಡಿಡಿಆರ್3, ಅಂದರೆ ಈ ಬಗೆಯ ರ‍್ಯಾಮಿನ ಮೂರನೇ ತಲೆಮಾರು. ಪಕ್ಕದ ಎರಡು ಸ್ಲಾಟ್ ಖಾಲಿ. ಇಷ್ಟು ವರ್ಷ ಸುಮ್ನೆ ಧೂಳು ಹಿಡಿದು ಕೂತಿವೆ.

ಒಂದನ್ನು ತೆಗೆದು ಬೆಳಕಿಗೆ ಹಿಡಿದೆ. ಚಿನ್ನದ ಬಣ್ಣದ ಪಿನ್‌ಗಳ ಸಾಲು, ಎರಡೂ ಬದಿ ಸೇರಿ 240. ಆ ಸಾಲಿನಲ್ಲಿ, ಸರಿಯಾಗಿ ಮಧ್ಯಕ್ಕಲ್ಲ, ತುಸು ಪಕ್ಕಕ್ಕೆ, ಒಂದು ಸಣ್ಣ ಕಚ್ಚು. ಡಿಡಿಆರ್2ರಲ್ಲೂ ಪಿನ್ 240. ಆದರೆ ಕಚ್ಚಿನ ಜಾಗ ಬೇರೆ. ಡಿಡಿಆರ್4ಕ್ಕೆ ಬಂದರೆ ಪಿನ್ 288, ಕಚ್ಚು ಮತ್ತೂ ಬೇರೆ ಕಡೆ. ತಪ್ಪು ಸ್ಟಿಕ್ ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಕೂರಬಾರದು ಅಂತಲೇ ಯಾರೋ ಯೋಚಿಸಿ ಮಾಡಿದ್ದಾರೆ ಅಲ್ವಾ? ನಾವು ಆತುರದಲ್ಲಿ ತಪ್ಪು ಮಾಡುತ್ತೇವೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಅವರ ಮೇಲೆ ತುಂಬಾ ಪ್ರೀತಿ ಬಂತು.

8 ಜಿಬಿಯ ಒಂದೇ ಸ್ಟಿಕ್ ತರಲಾ, 4 ಜಿಬಿಯ ಎರಡು ತರಲಾ? ಜೋಡಿಯೇ ಸರಿ ಅನ್ನಿಸಿತು. ಜೋಡಿಯಾಗಿ ಹಾಕಿದರೆ ಡ್ಯುಯಲ್ ಚಾನೆಲ್‌ನಲ್ಲಿ, ಅಂದರೆ ಎರಡು ದಾರಿಯಲ್ಲಿ ಒಟ್ಟೊಟ್ಟಿಗೆ, ಓಡುತ್ತವೆ. ಮದರ್‌ಬೋರ್ಡ್ ಎಷ್ಟು ತಡೆದುಕೊಳ್ಳುತ್ತದೆ ಅಂತ ಮ್ಯಾನ್ಯುಯಲ್ ನೋಡಿಯೂ ಆಯ್ತು. ಜಾಸ್ತಿ ವೇಗದ್ದು ಬೇಡ. ಹಳೆಯದರ ಜೊತೆ ಹಾಕಿದರೆ ಎಲ್ಲವೂ ನಿಧಾನದ್ದರ ಹೆಜ್ಜೆಗೇ ಬರುತ್ತವೆ.

ಹಳೇ ಎರಡನ್ನೂ ತೆಗೆಯುವುದಿಲ್ಲ. ಇಷ್ಟು ದಿನ ಅವೇ ತಾನೇ ಎಲ್ಲ ಹೊತ್ತಿದ್ದು.

ನಾಳೆ ಹೊಸವು ಬರುತ್ತವೆ. ಕ್ಯಾಬಿನೆಟ್ಟಿನ ಬಾಗಿಲು ಇನ್ನೂ ಹಾಕಿಲ್ಲ.