ಎರಡು ಸಲ ‘ನಾನಲ್ಲ’

ಶುಭ ಶುಕ್ರವಾರಕ್ಕೆ ಇನ್ನು ನಾಲ್ಕು ದಿನ ಇರುವಾಗ ನಮ್ಮ ವಾಳೆಯ ಗುರ್ಕಾರ್, ಅಂದರೆ ಚರ್ಚಿನ ನಮ್ಮ ವಾರ್ಡಿನ ಮುಖಂಡರು, ಫೋನ್ ಮಾಡಿದರು. “ಈ ಸಲ ಮಧ್ಯಾಹ್ನದ್ದು ಕನ್ನಡದಲ್ಲಿ ಮಾರಾಯ್ರೆ. ಕೊಂಕಣಿ ಓದ್ಲಿಕ್ಕೆ ಬೇಕಾದಷ್ಟು ಜನ ಉಂಟು. ಕನ್ನಡಕ್ಕೆ ನೀವೇ ಆಗ್ಬೇಕು.”

ಆಯ್ತು ಎಂದೆ. ಬೇಡ ಎನ್ನಲು ಒಂದು ಕಾರಣ ಇತ್ತು. ಅದು ಗುರ್ಕಾರರಿಗೆ ಹೇಳುವಂಥದ್ದಲ್ಲ.

ಮನೆಯಲ್ಲಿ ಕೊಂಕಣಿ, ಆಫೀಸಿನಲ್ಲಿ ಕನ್ನಡ, ಮಲ್ಪೆಯಲ್ಲಿ ಮೀನಿಗೆ ಚೌಕಾಸಿ ಮಾಡುವಾಗ ತುಳು. ಉಡುಪಿ ಕಡೆಯ ನಮ್ಮಂಥವರ ಪಾಡು ಇದು. ಶಾಲೆಯಲ್ಲಿ ಒಳ್ಳೆಯ ಕನ್ನಡ ಮೇಷ್ಟ್ರು ಸಿಕ್ಕಿದ್ದರಿಂದ ನನಗೆ ಮೈಕಿನ ಮುಂದೆ ತಡವರಿಸದೆ ಓದಲು ಬರುತ್ತದೆ, ಅಷ್ಟೇ. ನಮ್ಮ ಇಗರ್ಜಿ, ಅಂದರೆ ಚರ್ಚು, ಸಣ್ಣದು. 2012ರಲ್ಲಿ ಉಡುಪಿ ಬೇರೆ ಧರ್ಮಪ್ರಾಂತ್ಯ ಆದಾಗ ಕಲ್ಯಾಣಪುರದ ಮಿಲಾಗ್ರಿಸ್ ಕೆಥೆಡ್ರಲ್, ಅಂದರೆ ಬಿಷಪರ ಇಗರ್ಜಿ, ಆಯಿತು, ನಮ್ಮದು ಹಾಗೇ ಉಳಿಯಿತು. ಇಲ್ಲಿ ಓದುವವರ ಪಟ್ಟಿಯೂ ಸಣ್ಣದೇ.

ಶುಭ ಶುಕ್ರವಾರ ಬಲಿಪೂಜೆ ಇರುವುದಿಲ್ಲ. ಯೇಸುವಿನ ಪಾಡುಗಳನ್ನು, ಅಂದರೆ ಯಾತನೆ ಮತ್ತು ಮರಣದ ಕಥೆಯನ್ನು, ಓದುತ್ತಾರೆ. ಪ್ರತಿ ವರ್ಷವೂ ಯೊವಾನ್ನನ ಶುಭಸಂದೇಶದ 18 ಮತ್ತು 19ನೇ ಅಧ್ಯಾಯ. ನಾಟಕದ ಹಾಗೆ ಪಾತ್ರ ಹಂಚಿಕೊಂಡು ಓದುವುದು. ಯೇಸುವಿನ ಮಾತು ಫಾದರಿಗೆ, ಕಥೆ ಹೇಳುವುದು ಒಬ್ಬರು, ಉಳಿದ ಬಿಡಿ ಪಾತ್ರಗಳೆಲ್ಲ ಮೂರನೆಯವನ ಪಾಲಿಗೆ. ಆ ಮೂರನೆಯವನು ನಾನು. ರೋಮನ್ ಅಧಿಕಾರಿ ಪಿಲಾತನೂ ನಾನೇ, ಬಾಗಿಲು ಕಾಯುವ ಹುಡುಗಿಯೂ ನಾನೇ, ಯೇಸುವಿನ ಶಿಷ್ಯ ಪೇತ್ರನೂ ನಾನೇ. ಮಹಾಯಾಜಕನ ಅಂಗಳದಲ್ಲಿ ಆ ಹುಡುಗಿ ಕೇಳುತ್ತಾಳೆ, ನೀನೂ ಅವನ ಶಿಷ್ಯರಲ್ಲಿ ಒಬ್ಬನಲ್ಲವೇ ಎಂದು. ಪೇತ್ರ ಹೇಳುತ್ತಾನೆ, ನಾನಲ್ಲ. ಪ್ರಶ್ನೆ ಕೇಳುವ ಬಾಯಿ ಒಂದೇ, ಸುಳ್ಳು ಹೇಳುವ ಬಾಯಿಯೂ ಅದೇ.

ಅಲ್ಲೊಂದು ಸಣ್ಣ ವಿಷಯ ಇದೆ. ಪೇತ್ರ ಮೂರು ಸಲ ನಿರಾಕರಿಸಿದ ಎಂದು ಎಲ್ಲರಿಗೂ ಗೊತ್ತು. ಆದರೆ ಯೊವಾನ್ನನಲ್ಲಿ ಅವನ ಬಾಯಿಯಿಂದ ‘ನಾನಲ್ಲ’ ಬರುವುದು ಎರಡೇ ಸಲ. ಮೂರನೆಯದನ್ನು ಕಥೆ ಹೇಳುವವರು ಹೇಳಿ ಮುಗಿಸುತ್ತಾರೆ, ಕೂಡಲೇ ಕೋಳಿ ಕೂಗುತ್ತದೆ. ಆ ದಿನ ಅದೊಂದು ಉಪಕಾರ ಎನಿಸಿತು. ಎರಡನೆಯದಕ್ಕೇ ನನ್ನ ಗಂಟಲು ಕಟ್ಟಿತ್ತು. ಪಕ್ಕದಲ್ಲಿದ್ದವರು ಉಪವಾಸದ ಸುಸ್ತು ಅಂದುಕೊಂಡು ಆಮೇಲೆ ನೀರು ತಂದುಕೊಟ್ಟರು.

ಉಪವಾಸ ಅಲ್ಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರಕ್ಕೆ ಒಂದು ವಾರ ಮುಂಚೆ ನಾನು ಕೆಲಸ ಮಾಡುವಲ್ಲಿ ಕ್ಯಾಷಿನಲ್ಲಿ 14,000 ರೂಪಾಯಿ ಕಡಿಮೆ ಬಂತು. ಕೌಂಟರಿನಲ್ಲಿ ಕೂರುವವಳು ಸಣ್ಣ ಹುಡುಗಿ, ಸೇರಿ ಒಂದೂವರೆ ವರ್ಷ. ಹಿಂದಿನ ದಿನ ಅದೇ ಡ್ರಾಯರಿನಲ್ಲಿ ಒಂದು ಚೀಟಿ ಇದ್ದದ್ದನ್ನು ನಾನು ನೋಡಿದ್ದೆ. ಮೇಲಿನವರ ಸಹಿ, ಆಮೇಲೆ ಹೊಂದಿಸುತ್ತೇನೆ ಎಂದು ಬರೆದದ್ದು, ಮೊತ್ತವೂ ಅಷ್ಟೇ. ಮರುದಿನ ಚೀಟಿ ಇರಲಿಲ್ಲ. ನಾಲ್ಕು ಜನರನ್ನು ಒಳಗೆ ಕೂರಿಸಿ ಕೇಳಿದರು. ನನ್ನ ಸರದಿ ಬಂದಾಗ ಆ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಚೀಟಿಯ ವಿಷಯ ನನಗೆ ಗೊತ್ತು ಎನ್ನುವುದು ಅವಳಿಗೂ ಗೊತ್ತಿತ್ತು.

“ಇಲ್ಲ, ನಾನೇನೂ ನೋಡಿಲ್ಲ” ಎಂದೆ.

ಪೇತ್ರನಿಗೆ ಚಳಿಯಾದರೂ ಇತ್ತು, ಬೆಂಕಿ ಕಾಯಿಸಿಕೊಳ್ಳುತ್ತಿದ್ದ. ನಾನು ಎಸಿ ಕೋಣೆಯಲ್ಲಿ ಕೂತಿದ್ದೆ. ರಿಟೈರ್ ಆಗಲು ಆರು ವರ್ಷ ಬಾಕಿ, ಮಗಳ ಫೀಸು ಬಾಕಿ, ಮನೆಯ ಸಾಲ ಬಾಕಿ. ಆ ಹುಡುಗಿ ಮನೆಯಿಂದ ಹಣ ತಂದು ಕಟ್ಟಿದಳು. ತಿಂಗಳು ಮುಗಿಯುವ ಮೊದಲೇ ಕೆಲಸ ಬಿಟ್ಟಳು. ಹೋಗುವಾಗ ಎಲ್ಲರ ಟೇಬಲಿನ ಹತ್ತಿರ ಬಂದು ಹೇಳಿ ಹೋದಳು, ನನ್ನ ಹತ್ತಿರವೂ.

ಶನಿವಾರ ರಾತ್ರಿ ಪಾಸ್ಕ ಜಾಗರಣೆ, ಅಂದರೆ ಈಸ್ಟರ್ ಹಬ್ಬದ ಹಿಂದಿನ ರಾತ್ರಿಯ ಪೂಜೆ. ಇಗರ್ಜಿಯ ಹೊರಗೆ ಬೆಂಕಿ ಹಾಕಿ, ಅದರಿಂದ ದೊಡ್ಡ ಮೇಣದ ಬತ್ತಿ ಹಚ್ಚಿ, ಕತ್ತಲಲ್ಲಿ ಒಳಗೆ ಬರುವುದು. ಗುರುವಾರದಿಂದ ಸುಮ್ಮನಿದ್ದ ಗಂಟೆಗಳು ಅಂದು ಬಾರಿಸುತ್ತವೆ. ಸಣ್ಣವನಿದ್ದಾಗ ಆ ಗಂಟೆ ಕೇಳಿದರೆ ಮೈ ಜುಮ್ ಎನ್ನುತ್ತಿತ್ತು. ಈ ಸಲ ಎಲ್ಲರೂ ಅಲ್ಲೆಲೂಯ ಹಾಡುತ್ತಿದ್ದರು, ನಾನು ಬಾಯಿ ಆಡಿಸುತ್ತಿದ್ದೆ. ಮೇಣ ಕರಗಿ ಬೆರಳಿಗೆ ಬಿತ್ತು, ಅಷ್ಟು ಗೊತ್ತಾಯಿತು. ಮರುದಿನ ಸಾನ್ನ, ಬಾಫಾತ್, ನೆಂಟರು, ಎಲ್ಲ ಆಯಿತು. ಕ್ಯಾಲೆಂಡರಿನಲ್ಲಿ ಹಬ್ಬ ಬಂತೆಂದು ಹೊಟ್ಟೆಯೊಳಗೆ ಹಬ್ಬ ಆಗುವುದಿಲ್ಲ.

ಹಬ್ಬದ ಮರುದಿನದಿಂದ ನಾನು ಬೈಬಲ್ ತೆಗೆದು ಪುನರುತ್ಥಾನದ ಅಧ್ಯಾಯಗಳನ್ನೇ ಓದಲು ಶುರು ಮಾಡಿದೆ. ಭಕ್ತಿಯಿಂದ ಎಂದರೆ ಸುಳ್ಳಾಗುತ್ತದೆ. ಪೇತ್ರನಿಗೆ ಮುಂದೆ ಏನಾಯಿತು ಎಂದು ನೋಡಬೇಕಿತ್ತು. ಕಥೆ ಗೊತ್ತಿದ್ದೂ ಕೇಸ್ ಫೈಲ್ ತಿರುವಿದ ಹಾಗೆ ತಿರುವಿದೆ.

ಓದುತ್ತಾ ಹೋದ ಹಾಗೆ ಆಶ್ಚರ್ಯ ಆಯಿತು. ಇಷ್ಟು ವರ್ಷ ಅಲ್ಲೆಲೂಯದ ಸದ್ದಿನಲ್ಲಿ ನನಗೆ ಕಾಣಿಸದ ವಿಷಯ: ಆ ಪುಟಗಳಲ್ಲಿ ಎಲ್ಲರೂ ಹೆದರಿದವರೇ. ಮಾರ್ಕನ ಶುಭಸಂದೇಶದಲ್ಲಿ ಹೆಂಗಸರು ಸಮಾಧಿಯಿಂದ ಓಡಿಹೋಗುತ್ತಾರೆ, ಭಯದಿಂದ ಯಾರಿಗೂ ಏನೂ ಹೇಳುವುದಿಲ್ಲ. 16ನೇ ಅಧ್ಯಾಯದ 8ನೇ ವಚನ. ಮೂರು ವರ್ಷಕ್ಕೊಮ್ಮೆ ಮಾರ್ಕನನ್ನು ಓದುವ ವರ್ಷ ಬಂದಾಗ ಪಾಸ್ಕ ಜಾಗರಣೆಯಲ್ಲಿ 7ನೇ ವಚನಕ್ಕೇ ಓದು ನಿಲ್ಲಿಸುತ್ತಾರೆ. ಹಬ್ಬದ ರಾತ್ರಿ ಅದು ಬೇಡ ಅಂತ ಇರಬೇಕು. ನನಗೆ ಬೇಕಾಗಿದ್ದದ್ದು ಆ ವಚನವೇ. ಯೊವಾನ್ನನಲ್ಲಿ ಶಿಷ್ಯರು ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಯೇಸು ಬಂದು ಹೋದ ಮೇಲೆ, ಎಂಟು ದಿನ ಬಿಟ್ಟು ನೋಡಿದರೆ, ಬಾಗಿಲು ಆಗಲೂ ಹಾಕಿಯೇ ಇದೆ! ಲೂಕನಲ್ಲಿ ಅವರಿಗೆ ಖುಷಿ ಎಷ್ಟಾಗುತ್ತದೆ ಎಂದರೆ ಖುಷಿಗೇ ನಂಬಲು ಆಗುವುದಿಲ್ಲ. ಆಗ ಯೇಸು ಕೇಳುವುದು, ತಿನ್ನಲು ಏನಾದರೂ ಇದೆಯಾ ಎಂದು. ಒಂದು ತುಂಡು ಸುಟ್ಟ ಮೀನು ಕೊಡುತ್ತಾರೆ. ಅವರ ಮುಂದೆಯೇ ತಿನ್ನುತ್ತಾನೆ.

ಅದು ಹಬ್ಬದ ವಾರದ ಗುರುವಾರದ ವಾಚನ. ಶುಕ್ರವಾರವೂ ಮೀನೇ. ಆ ಶುಕ್ರವಾರ ಬೆಳಿಗ್ಗೆ ಆರೂವರೆಯ ಪೂಜೆಗೆ ಹೋದೆ. ಹತ್ತು ಹನ್ನೆರಡು ಜನ ಇದ್ದೆವು.

ಮೊದಲ ವಾಚನ ಪ್ರೇಷಿತರ ಕಾರ್ಯಕಲಾಪಗಳ 4ನೇ ಅಧ್ಯಾಯ. ಪಾಸ್ಕ ಕಾಲದಲ್ಲಿ ಹಳೆಯ ಒಡಂಬಡಿಕೆ ಬದಿಗಿಟ್ಟು ದಿನವೂ ಇದೇ ಪುಸ್ತಕ ಓದುತ್ತಾರೆ. ಪೇತ್ರ ಮತ್ತು ಯೊವಾನ್ನ ಹಿರಿಯರ ಸಭೆಯ ಮುಂದೆ ನಿಂತಿದ್ದಾರೆ. ಅಲ್ಲಿ ಕೂತ ಮಹಾಯಾಜಕರ ಹೆಸರು ಬರುತ್ತದೆ: ಅನ್ನ, ಕಾಯಫ. ನಾನು ಬೆಂಚಿನಲ್ಲಿ ನೆಟ್ಟಗೆ ಕೂತೆ. ಒಂದು ವಾರದ ಹಿಂದೆ ನಾನೇ ಮೈಕಿನಲ್ಲಿ ‘ನಾನಲ್ಲ’ ಎಂದದ್ದು ಇವರದೇ ಅಂಗಳದಲ್ಲಿ. ಕೆಲಸದ ಹುಡುಗಿಗೆ ಹೆದರಿದ ಮನುಷ್ಯ ಈಗ ಯಜಮಾನರ ಮುಂದೆಯೇ ನಿಂತು, ನೀವು ಶಿಲುಬೆಗೆ ಹಾಕಿದಿರಲ್ಲ, ಅವನ ಹೆಸರಿನಿಂದಲೇ ಈ ಕುಂಟನಿಗೆ ಗುಣ ಆದದ್ದು ಎನ್ನುತ್ತಾನೆ. ನಡುವೆ ಕಳೆದದ್ದು ಕೆಲವೇ ವಾರ.

ಆ ಕೆಲವು ವಾರಗಳಲ್ಲಿ ಏನಾಯಿತು ಎನ್ನುವುದು ಎರಡನೆಯ ಓದಿನಲ್ಲಿ ಇತ್ತು. ಯೊವಾನ್ನ 21. ಏಳು ಜನ ತಿಬೇರಿಯ ಸರೋವರಕ್ಕೆ ಮೀನಿಗೆ ಹೋಗುತ್ತಾರೆ. ರಾತ್ರಿಯಿಡೀ ಏನೂ ಸಿಕ್ಕುವುದಿಲ್ಲ. ಬೆಳಗಾಗುವಾಗ ದಡದಲ್ಲಿ ಒಬ್ಬ ನಿಂತು, ದೋಣಿಯ ಬಲಗಡೆ ಬಲೆ ಹಾಕಿ ಎನ್ನುತ್ತಾನೆ. ಬಲೆ ಎಳೆಯಲಾಗದಷ್ಟು ಮೀನು. ದಡಕ್ಕೆ ಬಂದು ನೋಡಿದರೆ ಕೆಂಡ, ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಫಾದರ್ ಪ್ರವಚನದಲ್ಲಿ ಒಂದೇ ವಿಷಯ ಹೇಳಿದರು. ಇದ್ದಿಲಿನ ಬೆಂಕಿಗೆ ಗ್ರೀಕಿನಲ್ಲಿ ಇರುವ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಕಡೆ. ಒಂದು ಈ ದಡದಲ್ಲಿ. ಇನ್ನೊಂದು ಪೇತ್ರ ಕೈ ಕಾಯಿಸಿಕೊಳ್ಳುತ್ತಾ ಸುಳ್ಳು ಹೇಳಿದ ಅಂಗಳದಲ್ಲಿ. ಅಷ್ಟು ಹೇಳಿ ಕೂತರು. ವಾರದ ದಿನ ಫಾದರ್ ಚಿಕ್ಕದಾಗಿ ಮುಗಿಸುವುದು ನನಗೆ ಇಷ್ಟ.

ಆಫೀಸಿಗೆ ಇನ್ನೂ ಹೊತ್ತಿತ್ತು. ಸ್ಕೂಟರ್ ಪಡುಕೆರೆ ಕಡೆ ತಿರುಗಿಸಿದೆ. ಸೇತುವೆ ದಾಟಿ ಕಡಲ ಬದಿಗೆ ಹೋದರೆ ಕೈರಂಪಣಿ, ಅಂದರೆ ದಡದಿಂದ ಕೈಯಲ್ಲೇ ಎಳೆಯುವ ಬಲೆ, ಎಳೆಯುತ್ತಿದ್ದರು. ನಮ್ಮ ಪಕ್ಕದ ಮನೆಯ ಅಣ್ಣ ಅಲ್ಲಿದ್ದರು. ಮೊಗವೀರರು, ಮೂವತ್ತು ವರ್ಷ ಮಲ್ಪೆಯಲ್ಲಿ ಬೋಟಿಗೆ ಹೋದವರು. ಈಗ ಸೊಂಟ ನೋವು, ಆದರೂ ಬಲೆ ಎಳೆಯುವ ಸದ್ದು ಕೇಳಿದರೆ ಕೈ ಹಾಕದೆ ಇರಲಾರರು. ಎರಡು ಕಡೆ ಹಗ್ಗ ಹಿಡಿದು, ಹಿಮ್ಮಡಿ ಮರಳಿನಲ್ಲಿ ಊರಿ, ಹಿಂದೆ ಹಿಂದೆ ನಡೆಯುವುದು. ಕೊನೆಯವನು ಹಗ್ಗ ಬಿಟ್ಟು ಮುಂದೆ ಓಡಿ ಮತ್ತೆ ಹಿಡಿಯುವುದು. ನಾನೂ ಚಪ್ಪಲಿ ತೆಗೆದು ಹಗ್ಗ ಹಿಡಿದೆ. ಅಂಗೈ ಉರಿಯಿತು. ಕೊನೆಗೆ ಬಂದದ್ದು ಒಂದಿಷ್ಟು ಬೂತಾಯಿ, ನಾಲ್ಕು ಬುಟ್ಟಿಗೂ ಸಾಲದು.

ಅಣ್ಣ ತೆಂಗಿನ ಗೆರಟೆ ಉರಿಸಿ ಕೆಂಡ ಮಾಡಿ, ಯಾರೋ ತಂದಿದ್ದ ಎರಡು ಬಂಗುಡೆ ಅದರ ಮೇಲಿಟ್ಟರು. ಉಪ್ಪು ಮಾತ್ರ. ಎಣ್ಣೆ ಕೆಂಡಕ್ಕೆ ಬಿದ್ದು ಚುಯ್ ಎನ್ನುವಾಗ ಬೆಳಿಗ್ಗೆ ಕೇಳಿದ ಕಥೆ ಹೇಳಿದೆ. ಅವರು ನಡುವೆ ನಡುವೆ ನಿಲ್ಲಿಸಿ ತಗಾದೆ ತೆಗೆದರು.

“ಬಲಗಡೆ ಹಾಕು ಅಂದದ್ದು ಸರಿ. ದಡದಲ್ಲಿ ನಿಂತವನಿಗೇ ಕಾಣುದು. ಮೀನಿನ ಹಿಂಡು ಬಂದ್ರೆ ನೀರಿನ ಬಣ್ಣ ಬೇರೆ ಆಗ್ತದೆ, ದೋಣಿಯಲ್ಲಿದ್ದವನಿಗೆ ಗೊತ್ತಾಗುದಿಲ್ಲ.”

ಪೇತ್ರ ಮೇಲಂಗಿ ಹಾಕಿಕೊಂಡು ನೀರಿಗೆ ಹಾರಿದ ಎಂದಾಗ ಜೋರಾಗಿ ನಕ್ಕರು. “ಎಂಥ ಮೀನುಗಾರ ಮಾರಾಯ್ರೆ! ಈಜುವವ ಅಂಗಿ ತೆಗೀತಾನೆ. ಹಾಕ್ಕೊಂಡು ಹಾರುದಾ?”

“ನಾಚಿಕೆ ಇರಬೇಕು” ಎಂದೆ.

“ಹಾಗಿದ್ರೆ ದೋಣಿಯಲ್ಲೇ ಕೂರ್ಬೇಕಿತ್ತು.”

ಬಲೆಯಲ್ಲಿ 153 ದೊಡ್ಡ ಮೀನು ಎಂದೆ. ಈ ಸಂಖ್ಯೆಗೆ ದೊಡ್ಡ ದೊಡ್ಡ ಪಂಡಿತರು ಏನೇನೋ ಅರ್ಥ ಹೇಳಿದ್ದಾರೆ, ಯಾಕೆ ಎಣಿಸಿದರೋ ಎಂದೆ. ಅಣ್ಣನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. “ಏಳು ಜನ ಅಂದ್ರಲ್ಲ? ಎಣಿಸದೆ ಪಾಲು ಹಾಕುದು ಹೇಗೆ?”

ಮೀನು ಮಗುಚಿ ಹಾಕುತ್ತಾ ಕೇಳಿದರು, “ಮತ್ತೆ ಅವ ಎಂತ ಹೇಳಿದ? ನಿಮ್ಮ ದೇವರು. ಕೈಕೊಟ್ಟು ಹೋದವನಿಗೆ?”

ನಾನು ನೆನಪು ಮಾಡಿಕೊಂಡೆ. ಆ ಬೆಳಿಗ್ಗೆಯ ಓದು 14ನೇ ವಚನಕ್ಕೆ ನಿಂತಿತ್ತು. ನೀನು ನನ್ನನ್ನು ಪ್ರೀತಿಸುತ್ತೀಯಾ ಎಂದು ಪೇತ್ರನನ್ನು ಮೂರು ಸಲ ಕೇಳುವುದು ಅದರ ಮುಂದೆ. ವಾರದ ದಿನಗಳ ಪೂಜೆಯಲ್ಲಿ ಅದು ಬರುವುದು ಪಾಸ್ಕದ ಏಳನೆಯ ವಾರದಲ್ಲಿ. ತಪಸ್ಸುಕಾಲಕ್ಕೆ 40 ದಿನ ಕೊಟ್ಟವರು ಪಾಸ್ಕ ಕಾಲಕ್ಕೆ 50 ಕೊಟ್ಟಿದ್ದಾರೆ, ಅವಸರ ಇಲ್ಲ.

“ಏನೂ ಹೇಳಲಿಲ್ಲ. ಬನ್ನಿ, ತಿಂಡಿ ತಿನ್ನಿ ಅಂದ.”

“ಹ್ಞಾಂ” ಎಂದು ಬಾಳೆಲೆಯ ತುಂಡಿನಲ್ಲಿ ಒಂದು ಬಂಗುಡೆ ನನ್ನ ಕಡೆ ತಳ್ಳಿದರು. ಬೆರಳು ಸುಟ್ಟುಕೊಂಡು ತಿಂದೆ. ಅಂಗಿಗೆಲ್ಲ ಹೊಗೆಯ ವಾಸನೆ. ಎಷ್ಟೋ ವಾರಗಳ ನಂತರ ಹಸಿವಾಗಿ ತಿಂದದ್ದು ಅದೇ. ಇದಕ್ಕೆ ಖುಷಿ ಎನ್ನಬಹುದೋ ಇಲ್ಲವೋ. ನಾನು ಎನ್ನುತ್ತೇನೆ.

ಅದೇ ಅಂಗಿಯಲ್ಲಿ ಆಫೀಸಿಗೆ ಹೋದೆ. ಆಡಳಿತ ಮಂಡಳಿಗೆ ಒಂದು ಪುಟದ ಕಾಗದ ಬರೆದೆ. ಯಾವ ತಾರೀಕು, ಯಾವ ಡ್ರಾಯರ್, ಚೀಟಿಯಲ್ಲಿ ಏನಿತ್ತು, ಅಂದು ಕೇಳಿದಾಗ ನಾನು ಸುಳ್ಳು ಹೇಳಿದೆ, ಅಷ್ಟೇ. ‘ಸುಳ್ಳು’ ಎನ್ನುವಲ್ಲಿ ಮೊದಲು ‘ಗಮನಕ್ಕೆ ತರಲಿಲ್ಲ’ ಎಂದು ಬರೆದಿದ್ದೆ. ಹರಿದು ಇನ್ನೊಂದು ಬರೆದೆ. ಧೈರ್ಯ ಎಂದರೆ ಎದೆಯುಬ್ಬಿಸಿ ನಿಲ್ಲುವುದು ಅಂದುಕೊಂಡಿದ್ದೆ. ನನ್ನ ಮೊಣಕಾಲು ನಡುಗುತ್ತಿತ್ತು. ಕಾಗದ ಕೊಟ್ಟು, ಪ್ರತಿಗೆ ಸೀಲು ಹಾಕಿಸಿಕೊಂಡು ಬಂದೆ. ಅದರ ವಿಚಾರಣೆ ಇನ್ನೂ ನಡೆಯುತ್ತಿದೆ. ಮೇಲಿನವರು ಅಂದಿನಿಂದ ನನ್ನ ಹತ್ತಿರ ಮಾತಾಡುವುದಿಲ್ಲ. ಅದು ಇರಲಿ.

ಮರುದಿನ ಶನಿವಾರ. ಬೆಳಿಗ್ಗೆ ಎಂಟಕ್ಕೆ ಆ ಹುಡುಗಿಯ ಮನೆ ಹುಡುಕಿಕೊಂಡು ಹೋದೆ. ಅಂಗಳದಲ್ಲಿ ತುಳಸಿಕಟ್ಟೆ, ಬಿಸಿಲಿಗೆ ಹರಡಿದ ಹಲಸಿನ ಹಪ್ಪಳ. ಸೀಲು ಹಾಕಿದ ಪ್ರತಿ ಅಂಗಿಯ ಜೇಬಿನಲ್ಲಿತ್ತು. ಅವಳು ಬಾಗಿಲಿಗೆ ಬಂದಳು. ನೋಡಿದಳು. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಎನ್ನಲಿಲ್ಲ. ನಾನು ದಾರಿಯಿಡೀ ಬಾಯಿಪಾಠ ಮಾಡಿಕೊಂಡು ಬಂದ ಮಾತು ಒಂದೂ ಹೊರಗೆ ಬರಲಿಲ್ಲ.

ಒಳಗಿನಿಂದ ಅವಳ ಅಮ್ಮ ಇಣುಕಿದರು. “ಯಾರು? ಆಫೀಸಿನವರಾ? ಹೊರಗೆ ಯಾಕೆ ನಿಲ್ಸಿದ್ದು? ಬನ್ನಿ, ತಿಂಡಿ ಆಯ್ತಾ?”

ಆಗಿಲ್ಲ ಎಂದೆ.

ಅಡುಗೆಮನೆಯ ಬೆಂಚಿನಲ್ಲಿ ಕೂರಿಸಿದರು. ನೀರು ದೋಸೆ, ಕಾಯಿ ಬೆಲ್ಲ. ಒಲೆಯ ಹತ್ತಿರ ನಿಂತು ದೋಸೆ ಎರೆಯುತ್ತಿದ್ದದ್ದು ಆ ಹುಡುಗಿಯೇ. ನನ್ನ ಕಡೆ ಬೆನ್ನು. ಮೊದಲ ದೋಸೆಯನ್ನು ಮಾತಿಲ್ಲದೆ ತಂದು ಹಾಕಿದಳು. ಅಮ್ಮ ಮಳೆ ಯಾವಾಗ, ಸೆಖೆ ಎಷ್ಟು ಎಂದು ಮಾತಾಡುತ್ತಿದ್ದರು. ನಾನು ಹ್ಞೂಂ ಹ್ಞೂಂ ಎನ್ನುತ್ತಾ ತಿಂದೆ.

ಎರಡನೆಯ ದೋಸೆ ಹಾಕಲು ಬಂದವಳು ಸಟ್ಟುಗ ಹಾಗೇ ಹಿಡಿದುಕೊಂಡು ನಿಂತಳು.

“ಸರ್, ಆ ಚೀಟಿ ನೀವು ನೋಡಿದ್ದು ಹೌದಾ?”

“ಹೌದು” ಎಂದೆ.