ವೆಬ್‌ಸೈಟ್ ಐತಿ, ಗೂಗಲ್‌ನ್ಯಾಗ ಯಾಕ ಕಾಣವಲ್ದು?

ಬಾಗಲಕೋಟೆ ಸುತ್ತಮುತ್ತಲಿನ ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಹಾಗಾಗಿ ಮದುವೆ ಊಟದ ಪಂಕ್ತಿಯಲ್ಲೂ ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. 'ಸರ್, ರೊಕ್ಕ ಕೊಟ್ಟು ವೆಬ್‌ಸೈಟ್ ಮಾಡಿಸೀನ್ರಿ. ಗೂಗಲ್‌ನ್ಯಾಗ ಹುಡುಕಿದ್ರ ಎಲ್ಲೂ ಕಾಣವಲ್ದು. ಯಾಕ್ರಿ?' ಕೇಳುವವರು ಇಳಕಲ್ಲಿನ ಸೀರೆ ಅಂಗಡಿಯವರಿರಬಹುದು, ಗೋಕಾಕದ ಕರದಂಟಿನವರಿರಬಹುದು, ವಿಜಯಪುರದ ಒಣದ್ರಾಕ್ಷಿಯವರಿರಬಹುದು. ಬಹಳ ಸಲ ಉತ್ತರ ಒಂದೇ. ನಿಮ್ಮ ಸೈಟ್‌ನಲ್ಲಿ ಗೂಗಲ್ ಓದುವಂಥದ್ದು ಏನೂ ಇಲ್ಲ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಗೂಗಲ್‌ನಲ್ಲಿ ಇಂಗ್ಲಿಷ್‌ನಲ್ಲಿ 'ಸೈಟ್' ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ಸೈಟ್ ವಿಳಾಸ ಹಾಕಿ. ಒಂದು ಪುಟವೂ ಬರಲಿಲ್ಲ ಅಂದರೆ ಗೂಗಲ್ ಬಹುಶಃ ನಿಮ್ಮನ್ನು ಇನ್ನೂ ಪಟ್ಟಿಗೇ ಸೇರಿಸಿಲ್ಲ. ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ನಿಮ್ಮ ಸೈಟ್ ಇದ್ದರೆ ಅದರ ಸೆಟ್ಟಿಂಗ್ಸ್‌ಗೆ ಹೋಗಿ ರೀಡಿಂಗ್ ತೆಗೆಯಿರಿ. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಸೇರಿಸಿಕೊಳ್ಳುವುದು ಬೇಡ ಎನ್ನುವ ಒಂದು ಟಿಕ್ ಬಾಕ್ಸ್ ಅಲ್ಲಿರುತ್ತದೆ. ಸೈಟ್ ಕಟ್ಟುವಾಗ ಅದಕ್ಕೆ ಟಿಕ್ ಹಾಕಿ, ಮುಗಿದ ಮೇಲೆ ತೆಗೆಯುವುದನ್ನು ಮರೆಯುವವರಿದ್ದಾರೆ. ಆಮೇಲೆ ಸರ್ಚ್ ಕನ್ಸೋಲ್‌ನಲ್ಲಿ ಸೈಟ್ ಸೇರಿಸಿ, ಸೈಟ್‌ಮ್ಯಾಪ್, ಅಂದರೆ ನಿಮ್ಮ ಪುಟಗಳ ಪಟ್ಟಿ, ಕೊಡಿ. ಅದು ಗೂಗಲ್‌ನದೇ ಸೇವೆ, ಪೈಸೆ ಖರ್ಚಿಲ್ಲ.

ಪುಟಗಳು ಬಂದವು, ಆದರೂ ಗಿರಾಕಿ ಹುಡುಕಿದಾಗ ಕಾಣುವುದಿಲ್ಲ ಅಂದರೆ ಅಸಲಿ ವಿಷಯಕ್ಕೆ ಬಂದೆವು.

ನಮ್ಮ ಕಡೆಯ ಅಂಗಡಿ ಸೈಟ್‌ಗಳನ್ನು ನೋಡಿ. ಅಂಗಡಿ ಉದ್ಘಾಟನೆಗೆ ಡಿಟಿಪಿ ಸೆಂಟರ್‌ನಲ್ಲಿ ಮಾಡಿಸಿದ ಬ್ಯಾನರ್ ಅನ್ನೇ ಫೋಟೋ ಮಾಡಿ ಹಾಕಿರುತ್ತಾರೆ. ಹೆಸರು, ಪತ್ತೆ, ಮಾಲು, ದರ ಎಲ್ಲ ಅದರೊಳಗೇ. ಕಣ್ಣಿಗೆ ಚಂದ. ಆದರೆ ಫೋಟೋದೊಳಗಿನ ಅಕ್ಷರವನ್ನೇ ನಂಬಿ ಗೂಗಲ್ ನಿಮ್ಮನ್ನು ಮೇಲೆ ತರುತ್ತದೆ ಎಂದು ಕೂರಬಾರದು. ಇನ್ನು ಕೆಲವರು ಹಳೇ ನುಡಿ ಫಾಂಟಿನಲ್ಲಿದ್ದ ಬರಹವನ್ನು ಹಾಗೇ ಪೇಸ್ಟ್ ಮಾಡಿರುತ್ತಾರೆ. ಆ ಫಾಂಟಿನಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ, ಅಷ್ಟೇ. ಫಾಂಟ್ ಇಲ್ಲದ ಮೊಬೈಲಿನಲ್ಲಿ ಬರೀ ಗೀಚು ಕಾಣುತ್ತದೆ, ಗೂಗಲ್‌ಗೂ ಅದೇ ಗೀಚು. ಯೂನಿಕೋಡ್ ಅಂದರೆ ಎಲ್ಲ ಕಂಪ್ಯೂಟರ್, ಮೊಬೈಲುಗಳಿಗೂ ಅರ್ಥವಾಗುವ ಅಕ್ಷರ ವ್ಯವಸ್ಥೆ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೂ ಬ್ಯಾನರ್ ಅಂಗಡಿಗಳಲ್ಲಿ ಹಳೇ ಫಾಂಟಿನದೇ ದರ್ಬಾರು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಯೂನಿಕೋಡ್‌ಗೆ ಬದಲಿಸಿ ಹಾಕಿ. ಒತ್ತಕ್ಷರ ಅಲ್ಲಲ್ಲಿ ಕೆಡುತ್ತವೆ, ಒಮ್ಮೆ ಓದಿ ತಿದ್ದಿ.

ಅಕ್ಷರ ಸರಿ ಇದ್ದ ಕಡೆ ಮಾತು ಸರಿ ಇರುವುದಿಲ್ಲ. ಇಳಕಲ್ಲಿನ ಒಂದು ಸೀರೆ ಸೈಟ್‌ನಲ್ಲಿ ಹೀಗಿತ್ತು: 'ನಮ್ಮಲ್ಲಿ ಉತ್ತಮ ಗುಣಮಟ್ಟದ ಸೀರೆಗಳು ಯೋಗ್ಯ ದರದಲ್ಲಿ ದೊರೆಯುತ್ತವೆ.' ಇದನ್ನು ಕಂಚಿಯವರೂ ಬರೆಯಬಹುದು, ಸೂರತ್‌ನವರೂ ಬರೆಯಬಹುದು. ಅದೇ ಅಂಗಡಿಗೆ ಬರುವ ಫೋನ್ ಕೇಳಿಸಿಕೊಳ್ಳಿ. ಒಡಲು ಹತ್ತಿನಾ? ಸೆರಗು ಅಸಲಿ ರೇಷ್ಮೆನಾ? ದಡಿ ಗೋಮಿನಾ, ಚಿಕ್ಕಿನಾ? ಒಂಬತ್ತು ವಾರದ್ದು ಸಿಗುತ್ತಾ? ಕಸೂತಿ ಹಾಕಿದ್ದು ಇದೆಯಾ? ಒಗೆದರೆ ಬಣ್ಣ ಬಿಡುತ್ತಾ? ಗಿರಾಕಿ ಗೂಗಲ್‌ನಲ್ಲಿ ಹುಡುಕುವುದೂ ಇದನ್ನೇ. ಒಡಲಿನ ಎಳೆಗೂ ಸೆರಗಿನ ಎಳೆಗೂ ಕುಣಿಕೆ ಹಾಕಿ ಜೋಡಿಸುವ ತೋಪ್ ತೆನಿ ಕೆಲಸ ಇಳಕಲ್ ಸೀರೆಯ ಗುರುತು, ಅಲ್ವಾ? ಅದರ ಬಗ್ಗೆ ಆ ಸೈಟ್‌ನಲ್ಲಿ ಒಂದು ಸಾಲೂ ಇರಲಿಲ್ಲ! ಒಂದೊಂದು ಪ್ರಶ್ನೆಗೆ ಸರಿಯಾದ ಉತ್ತರ, ಹತ್ತಿರದಿಂದ ತೆಗೆದ ಒಂದು ಫೋಟೋ, ಫೋಟೋದ ಕೆಳಗೆ ಅದೇನು ಎಂದು ಒಂದು ಸಾಲು. ಹುಡುಕಾಟದಲ್ಲಿ ಸೈಟ್ ಕಾಣುವಂತೆ ಮಾಡುವ ಕೆಲಸಕ್ಕೆ ಎಸ್‌ಇಒ ಅನ್ನುತ್ತಾರೆ. ನಾನು ಹೇಳುವ ಎಸ್‌ಇಒದಲ್ಲಿ ಮುಕ್ಕಾಲು ಪಾಲು ಇಷ್ಟೇ.

ಊರಿನ ಹೆಸರನ್ನೂ ನೋಡಿಕೊಳ್ಳಿ. 2014ರ ನವೆಂಬರ್ 1ರಿಂದ ಬೆಳಗಾಂ ಬೆಳಗಾವಿ ಆಯಿತು, ಬಿಜಾಪುರ ವಿಜಯಪುರ ಆಯಿತು. ಆದರೆ ಪುಣೆಯಲ್ಲಿ ಕುಂತು ಕುಂದಾ ಹುಡುಕುವವರಲ್ಲಿ ಈಗಲೂ ಬೆಳಗಾಂ ಅಂತಲೇ ಟೈಪ್ ಮಾಡುವವರಿದ್ದಾರೆ. ಬಿಜಾಪುರ ಎಂಬ ಜಿಲ್ಲೆ ಛತ್ತೀಸ್‌ಗಢದಲ್ಲೂ ಇದೆ, ಹಾಗಾಗಿ ಬರೀ ಬಿಜಾಪುರ ಎಂದು ಬರೆದರೆ ಸಾಲದು. ಪುಟದಲ್ಲಿ ಒಂದು ಕಡೆ ಹಳೇ ಹೆಸರು, ಹೊಸ ಹೆಸರು, ಜೊತೆಗೆ ಕರ್ನಾಟಕ ಎಂದು ಸಹಜವಾಗಿ ಬರಲಿ. ಹೊರಗಿನ ಗಿರಾಕಿ ಜಾಸ್ತಿ ಇದ್ದರೆ ಇಂಗ್ಲಿಷ್ ಪುಟವೂ ಬೇಕು. ಅಭಿಮಾನ ಬೇರೆ, ವ್ಯಾಪಾರ ಬೇರೆ.

'ಒಬ್ಬಾಂವ ಫೋನ್ ಮಾಡಿದ್ದ, ತಿಂಗಳದಾಗ ಫಸ್ಟ್ ತರ್ತೀನಿ ಅಂದ' ಎಂದು ಕೆಲವರು ಹೇಳುತ್ತಾರೆ. ಫೋನ್ ಇಟ್ಟುಬಿಡಿ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ಲೇ ಬರೆದಿಟ್ಟಿದೆ. ದುಡ್ಡು ಕೊಟ್ಟರೆ ಜಾಹೀರಾತಿನ ಜಾಗ ಸಿಗುತ್ತದೆ, ಜಾಹೀರಾತಲ್ಲದ ಮಾಮೂಲಿ ಫಲಿತಾಂಶಗಳಲ್ಲಿ ಅಲ್ಲ. ಇಂಥವರು ಮಾರುವ ಸರಕು ಎರಡು. ಒಂದು ಕೀವರ್ಡ್ ಟ್ಯಾಗ್, ಅಂದರೆ ಪುಟದ ಕೋಡ್‌ನೊಳಗೆ ಓದುಗರಿಗೆ ಕಾಣದಂತೆ ಹಾಕುವ ಹುಡುಕು ಪದಗಳ ಪಟ್ಟಿ. ಅದನ್ನು ತಾನು ಪರಿಗಣಿಸುವುದೇ ಇಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಇನ್ನೊಂದು, ಬೇರೆ ಸೈಟ್‌ಗಳಿಂದ ನಿಮ್ಮ ಸೈಟ್‌ಗೆ ಎಲ್ಲೆಲ್ಲಿಂದಲೋ ಕೊಂಡು ತಂದ ಲಿಂಕುಗಳು. ಅದು ಗೂಗಲ್ ನಿಯಮಕ್ಕೆ ವಿರುದ್ಧ, ಇದ್ದ ಜಾಗವೂ ಹೋಗಬಹುದು. ಸರಿಯಾದ ಕೆಲಸಕ್ಕೆ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂಬುದೂ ಗೂಗಲ್‌ನದೇ ಮಾತು.

ನಿಮ್ಮ ಗಿರಾಕಿಗಳೆಲ್ಲ ಅಂಗಡಿಗೇ ಬರುವವರಾದರೆ ಇಷ್ಟೆಲ್ಲ ಬೇಕಾಗಿಯೂ ಇಲ್ಲ. ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಕೊಳ್ಳಿ, ಪುಕ್ಕಟೆ. ಮ್ಯಾಪ್‌ನಲ್ಲಿ ಸರಿಯಾದ ಜಾಗ, ಬಾಗಿಲು ತೆಗೆಯುವ ಹೊತ್ತು, ವಾರದ ರಜೆ, ಎತ್ತುವ ಫೋನ್ ನಂಬರ್. ವೆಬ್‌ಸೈಟ್ ಆಮೇಲೆ. ನನ್ನ ಹೊಟ್ಟೆಗೆ ನಾನೇ ಹೊಡೆದುಕೊಳ್ಳುವ ಮಾತಿದು, ಇರಲಿ.

ಇಷ್ಟು ಹೇಳಿದ ಮೇಲೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: 'ಹಂಗಾದ್ರ ಇದನ್ನೆಲ್ಲ ಬರಿಯೋರು ಯಾರ್ರಿ? ನೀವ ಬರೀರಿ.' ಪುಟ ನಾನು ಕಟ್ಟಿಕೊಡುತ್ತೇನೆ. ಆದರೆ ನಿಮ್ಮ ಅಂಗಡಿಯಲ್ಲಿ ದಿನವಿಡೀ ವಾಟ್ಸಾಪ್‌ನಲ್ಲಿ ಗಿರಾಕಿಗಳಿಗೆ ಉತ್ತರ ಕೊಡುವ ಮಗನೋ ಸೊಸೆಯೋ ಇರುತ್ತಾರಲ್ಲ, ಅವರನ್ನು ಕೂರಿಸಿ. ಹೋದ ತಿಂಗಳು ಕಳಿಸಿದ ಉತ್ತರಗಳನ್ನೇ ಒಂದು ಕಡೆ ಕಾಪಿ ಮಾಡಿ ಕೊಡಲಿ. ಯಾವ ಸೀರೆ ಬಣ್ಣ ಬಿಡುತ್ತದೆ ಎಂದು ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ.