ಬಳಚಿನ ಒಡಲಲ್ಲೊಂದು ಸೂಜಿ

ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿಗಿಳಿದು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವವರನ್ನು ನೋಡುತ್ತಲೇ ನಾನು ಬೆಳೆದೆ. ಆದರೂ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬ ಹೆಸರನ್ನು ಕಾಲೇಜಿನಲ್ಲಿ ಓದಿದಾಗ, ಅದು ಇಂಥದೇ ನೀರಿನಲ್ಲಿ ಬದುಕುವ ಜೀವಿಯೆಂದು ನನಗೆ ಹೊಳೆಯಲಿಲ್ಲ. ಬೆಚ್ಚಗಿನ ಉಪ್ಪುನೀರಿನ ಈ ಬ್ಯಾಕ್ಟೀರಿಯಾ, ನೀರನ್ನು ಸೋಸಿ ಉಣ್ಣುವ ಚಿಪ್ಪುಜೀವಿಗಳ ಒಡಲಲ್ಲಿ ಒಟ್ಟುಗೂಡುತ್ತದೆ. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಸಣ್ಣ ಮೀನು ತಿಂದ 272 ಮಂದಿ ಕಾಯಿಲೆ ಬಿದ್ದು, ಅವರಲ್ಲಿ 20 ಮಂದಿ ತೀರಿಕೊಂಡಾಗ ಇದು ಪತ್ತೆಯಾಯಿತು.

ರೋಗಾಣು ಕರುಳನ್ನು ಕೊರೆದು ತಿನ್ನುತ್ತದೆ ಎಂದೇ ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆಯನ್ನು ಕದಲಿಸಿದ್ದು ಕಲ್ಕತ್ತೆಯ ಸಂಶೋಧಕ ಶಂಭುನಾಥ್ ಡೇ ಅವರ ಪ್ರಯೋಗ. ಕಾಲರಾ ರೋಗಾಣುಗಳನ್ನು ಬೆಳೆಸಿದ ದ್ರವದಿಂದ ರೋಗಾಣುಗಳನ್ನೆಲ್ಲ ಸೋಸಿ ತೆಗೆದು, ಉಳಿದ ತಿಳಿಯನ್ನು ಮಾತ್ರ ಮೊಲದ ಸಣ್ಣಕರುಳಿನ ಕಟ್ಟಿದ ತುಂಡಿಗೆ ಸೇರಿಸಿದರೂ ಅಲ್ಲಿ ನೀರು ತುಂಬಿಕೊಳ್ಳುತ್ತದೆ ಎಂದು ಅವರು 1959ರಲ್ಲಿ ತೋರಿಸಿದರು. ಕೆಡುಕು ಮಾಡಲು ರೋಗಾಣು ಅಲ್ಲಿರಬೇಕಾಗಿಯೇ ಇಲ್ಲ, ಅದು ಸ್ರವಿಸಿದ ಪ್ರೋಟೀನು ಸಾಕು. ಆ ಪ್ರೋಟೀನು ನಮ್ಮ ಜೀವಕೋಶದ ಒಂದು ಸ್ವಿಚ್ಚನ್ನು ಆರದಂತೆ ಹಿಡಿದಿಡುವುದರಿಂದ ಉಪ್ಪು ಹೊರಹರಿಯುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ. ಡೇ ಅವರಿಗೆ ಸಲ್ಲಬೇಕಾದ ಮನ್ನಣೆ ಅವರ ಜೀವಿತಕಾಲದಲ್ಲಿ ಸಲ್ಲಲಿಲ್ಲವೆಂಬ ನೋವು ನನಗಿದೆ.

ಬಳಚಿನ ವಿಬ್ರಿಯೊದ ವಿಧಾನ ಇನ್ನೂ ನಾಜೂಕಿನದು. ಅದರ ಮೈಮೇಲಿನ ಪೊಳ್ಳು ಸೂಜಿಯ ರಂಧ್ರ ಎಷ್ಟು ಕಿರಿದೆಂದರೆ, ಪ್ರೋಟೀನುಗಳು ಮಡಿಕೆ ಬಿಚ್ಚಿಕೊಂಡು ಎಳೆಯಾಗಿಯೇ ಅದರೊಳಗೆ ಸಾಗಬೇಕು. ಹೀಗೆ ನೇರವಾಗಿ ನಮ್ಮ ಜೀವಕೋಶದೊಳಗೆ ಇಳಿಯುವ ವಿಒಪಿಎಸ್ ಎಂಬ ಪ್ರೋಟೀನು, ರೋ ಎಂಬ ಸ್ವಿಚ್ಚುಗಳ ಗುಂಪಿಗೆ ಎಎಂಪಿ ಎಂಬ ಸಣ್ಣ ಅಣುವನ್ನು ಅಂಟಿಸಿ ಅವುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಆಕಾರ ಕಾಯುವ ಆಕ್ಟಿನ್ ಎಳೆಗಳು ಕುಸಿದು ಜೀವಕೋಶ ಉಂಡೆಯಾಗುತ್ತದೆ. ಇನ್ನೊಂದು ಸೂಜಿಯಿಂದ ಬರುವ ವಿಒಪಿಸಿ ಅದೇ ಗುಂಪಿನ ಸ್ವಿಚ್ಚುಗಳನ್ನು ತದ್ವಿರುದ್ಧವಾಗಿ ಒತ್ತಿಹಿಡಿಯುವುದರಿಂದ, ಜೀವಕೋಶ ತಾನೇ ಬ್ಯಾಕ್ಟೀರಿಯಾವನ್ನು ಒಳಗೆಳೆದುಕೊಳ್ಳುತ್ತದೆ. ಇದನ್ನು ಓದಿದ ದಿನ ನಾನು ಎಷ್ಟೋ ಹೊತ್ತು ಪುಸ್ತಕ ಮುಚ್ಚಿ ಕೂತಿದ್ದೆ.

ಚೆನ್ನಾಗಿ ಕುದಿಸಿದ ಬಳಚಿನಲ್ಲಿ ಈ ಜೀವಿ ಉಳಿಯುವುದಿಲ್ಲ; ಬೆಂದದ್ದನ್ನು ಹಸಿ ಬಳಚು ಇಟ್ಟಿದ್ದ ಪಾತ್ರೆಗೇ ಸುರಿದರೆ ಮತ್ತೆ ಸೇರಿಕೊಳ್ಳುತ್ತದೆ. ಕರುಳನ್ನು ಕೆಡಿಸುವ ಆ ಎರಡನೆಯ ಸೂಜಿಯ ಜೀನುಗಳು ಅದರ ಎರಡನೆಯ ವರ್ಣತಂತುವಿನ ಒಂದು ತುಂಡಿನಲ್ಲಿವೆ, ಮತ್ತು ನೀರಿನಲ್ಲಿ ಸಿಗುವ ಬಹುಪಾಲು ತಳಿಗಳಲ್ಲಿ ಆ ತುಂಡೇ ಇರುವುದಿಲ್ಲ. ಆದ್ದರಿಂದ ಬಳಚಿನಲ್ಲಿ ವಿಬ್ರಿಯೊ ಸಿಕ್ಕಿತೆಂದು ಯಾರಾದರೂ ಹೇಳಿದಾಗ, ಆ ತುಂಡಿನ ಜೀನುಗಳನ್ನೂ ಹುಡುಕಿದ್ದಾರೆಯೇ ಎಂದು ನಾನು ಮೊದಲು ಕೇಳುತ್ತೇನೆ.